ಗುಳ್ಳದ ಲಸಾನ್ಯ, ನೀರುದೋಸೆಯ ಲಸಾನ್ಯ

ಕಟಪಾಡಿಯಿಂದ ಕಡಲಿನ ಕಡೆಗೆ ಹೋದರೆ ಸಿಗುವ ಮಟ್ಟು ಗ್ರಾಮದಲ್ಲಿ, ಮಳೆಗಾಲದ ಭತ್ತ ಕೊಯ್ದಾದ ಮೇಲೆ ಗದ್ದೆಗೆ ಗುಳ್ಳ ಬರುತ್ತದೆ. ತಿಳಿ ಹಸಿರು ಮೈ, ಅದರ ಮೇಲೆ ಬಿಳಿ ಗೀರುಗಳು, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜ ಯತಿಗಳು ಇದರ ಬೀಜ ಕೊಟ್ಟರೆಂಬುದು ಐತಿಹ್ಯ. ಪರ್ಯಾಯದ ಹೊತ್ತಿಗೆ ಹೊರೆಕಾಣಿಕೆಯಾಗಿ ಕೃಷ್ಣಮಠಕ್ಕೆ ಹೋಗುವ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಉಡುಪಿಯ ಮನೆಗಳಲ್ಲಿ ಗುಳ್ಳ ತಂದರೆ ಕೊದ್ದೆಲು, ಗೊಜ್ಜು, ಪೋಡಿ. ಇಟಲಿಯ ಲಸಾನ್ಯ ಮಾಡಲು ಹೊರಟರೂ ಇದಕ್ಕಿಂತ ಒಳ್ಳೆಯ ತರಕಾರಿ ಈ ಕರಾವಳಿಯಲ್ಲಿ ಸಿಗುವುದು ಕಷ್ಟ. ಸಿಪ್ಪೆ ತೆಳು, ಕಹಿ ಇಲ್ಲ, ಬೆಂದ ತಿರುಳು ಬಾಯಲ್ಲಿಟ್ಟರೆ ಕರಗುತ್ತದೆ.

ಗೋಧಿ ಹಿಟ್ಟಿನ ಅಗಲವಾದ ತೆಳು ಹಾಳೆ, ಟೊಮೆಟೊ ಅಥವಾ ಮಾಂಸದ ಗಟ್ಟಿ ಸಾಸ್, ಹಾಲಿನ ಬಿಳಿ ಸಾಸ್, ಚೀಸ್. ಇಷ್ಟನ್ನು ಪದರಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸಿದರೆ ಲಸಾನ್ಯ. ಮಣಿಪಾಲಕ್ಕೆ ಇದು ಹೊಸದಲ್ಲ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಂದಿನಿಂದ ದೇಶವಿದೇಶಗಳ ವಿದ್ಯಾರ್ಥಿಗಳು ಬಂದು ನೆಲೆಸುವ ಊರು ಅದು. ಬಾಣಸಿಗ ವಿಕಾಸ್ ಖನ್ನಾ ಓದಿದ ಹೋಟೆಲ್ ಆಡಳಿತದ ವೆಲ್‌ಕಮ್‌ಗ್ರೂಪ್ ಕಾಲೇಜು ಇರುವುದೂ ಅಲ್ಲೇ, 2018ರಲ್ಲಿ ತೆರೆದ ಪಾಕಕಲೆಯ ವಸ್ತುಸಂಗ್ರಹಾಲಯ ಇರುವುದೂ ಅಲ್ಲೇ. ಆದರೆ ಕೆಫೆಯಲ್ಲಿ ತಿಂದು ಮೆಚ್ಚಿದ್ದನ್ನು ಮನೆಯಲ್ಲಿ ಮಾಡಲು ಹೊರಟಾಗ ಒಂದೊಂದೇ ಪ್ರಶ್ನೆ ಏಳುತ್ತದೆ. ಓವನ್ ಇಲ್ಲ. ಅಜ್ಜಿಗೆ ಬೆಳ್ಳುಳ್ಳಿ ಆಗುವುದಿಲ್ಲ. ಹಾಳೆಗೆ ಮೊಟ್ಟೆ ಹಾಕುತ್ತಾರಂತೆ. ಚೀಸ್ ಶುದ್ಧ ಸಸ್ಯಾಹಾರವೇ? ಇಷ್ಟೆಲ್ಲ ಆದ ಮೇಲೆ, ಹುಳಿ-ಖಾರಕ್ಕೆ ಒಗ್ಗಿದ ನಾಲಿಗೆಗೆ ಇದು ಸಪ್ಪೆ ಅನ್ನಿಸಿದರೆ?

ಉತ್ತರ ಸರಳ: ಬದಲಾಯಿಸಿ. ರುಚಿಯ ಮಟ್ಟಿಗೆ ಲಸಾನ್ಯದಲ್ಲಿ ಮುಟ್ಟಬಾರದ್ದು ಅಂತ ಹೆಚ್ಚೇನೂ ಇಲ್ಲ.

ಮೂಲಕ್ಕೆ ಅಪಚಾರವಾದೀತೆಂದು ಅಂಜುವವರು ಮೂಲವನ್ನೇ ನೋಡಬಹುದು. ನೇಪಲ್ಸ್‌ನ ಆಸ್ಥಾನದ ನಂಟಿರುವ, 14ನೇ ಶತಮಾನದ 'ಲಿಬೆರ್ ದೆ ಕೊಕ್ವಿನಾ' ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಲಸಾನ್ಯದ ವಿಧಾನವಿದೆ. ಹುದುಗು ಬಂದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಉಪ್ಪುನೀರಿನಲ್ಲಿ ಬೇಯಿಸಿ, ತುರಿದ ಚೀಸ್ ಮತ್ತು ಸಾಂಬಾರ ಪುಡಿ ಉದುರಿಸಿ ಒಂದರ ಮೇಲೊಂದು ಇಡುವುದು, ಅಷ್ಟೇ. ಟೊಮೆಟೊ ಇಲ್ಲ, ಇರಲು ಸಾಧ್ಯವೂ ಇಲ್ಲ. ಅಮೆರಿಕ ಖಂಡದ ಆ ಹಣ್ಣು ಇಟಲಿ ತಲುಪಿದ್ದು 16ನೇ ಶತಮಾನದಲ್ಲಿ. ಇಂದು ನೇಪಲ್ಸ್‌ನವರು ಕಾರ್ನಿವಲ್ ಹಬ್ಬಕ್ಕೆ ರಿಕೊಟ್ಟಾ ಚೀಸ್, ಬೇಯಿಸಿದ ಮೊಟ್ಟೆ, ಪುಟ್ಟ ಮಾಂಸದ ಉಂಡೆಗಳನ್ನು ತುಂಬುತ್ತಾರೆ. ಬೊಲೊನ್ಯಾದವರು ಪಾಲಕ್ ಬೆರೆಸಿದ ಹಸಿರು ಹಾಳೆಗೆ ಮಾಂಸದ ಸಾಸ್ ಮತ್ತು ಬಿಳಿ ಸಾಸ್ ಹಚ್ಚುತ್ತಾರೆ. ಲಿಗೂರಿಯಾ ಕರಾವಳಿಯವರಿಗೆ ಅರೆದ ಸೊಪ್ಪಿನ ಪೆಸ್ಟೊ ಸಾಕು. ಬೊಲೊನ್ಯಾದ ಮಾಂಸದ ಸಾಸಿನ ಅಧಿಕೃತ ವಿಧಾನವನ್ನು 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದರು. ಅದನ್ನೂ 2023ರಲ್ಲಿ ತಿದ್ದಿದರು. ಅಧಿಕೃತವೇ ಹೀಗೆ ಬದಲಾಗುವಾಗ ಕಾರ್ಕಳದ ಮನೆಯೊಂದು ತನ್ನ ರುಚಿಗೆ ತಕ್ಕಂತೆ ಮಾಡಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಬಿಗಿ ಹಿಡಿಯಬೇಕಾದದ್ದು ಒಂದೇ ವಿಷಯದಲ್ಲಿ: ನೀರು.

ಕೆಟ್ಟ ಲಸಾನ್ಯಗಳೆಲ್ಲ ಬಹುಮಟ್ಟಿಗೆ ಕೆಡುವುದು ನೀರಿನಿಂದಲೇ. ಟೊಮೆಟೊ ನೀರು ಬಿಡುತ್ತದೆ, ಬದನೆ ಬಿಡುತ್ತದೆ, ಸೊಪ್ಪು ಬಿಡುತ್ತದೆ, ಹಸಿ ಪನೀರೂ ಬಿಡುತ್ತದೆ. ಇವೆಲ್ಲ ಸೇರಿ ತಟ್ಟೆಯ ತಳದಲ್ಲಿ ನಿಂತರೆ, ಕತ್ತರಿಸಿ ಎತ್ತುವಾಗ ಪದರಗಳು ಜಾರಿ ಬೀಳುತ್ತವೆ. ಇನ್ನೊಂದು ಕಡೆ, ಅಂಗಡಿಯ ಒಣ ಹಾಳೆಯನ್ನು ಬೇಯಿಸದೆ ಹಾಗೆಯೇ ಇಟ್ಟು ಸಾಸ್ ಜಿಪುಣತನದಿಂದ ಹಾಕಿದರೆ ಅಂಚು ಒಣಗಿ ಗಡುಸಾಗುತ್ತದೆ, ನಡುವೆ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ. ಹಾಗಾಗಿ ಲೆಕ್ಕ ಹೀಗೆ: ಬೇಯಿಸಿದ ಹಾಳೆಯಾದರೆ ಸಾಸ್ ಗಟ್ಟಿ ಇರಲಿ, ಬೇಯಿಸದ ಒಣ ಹಾಳೆಯಾದರೆ ಸಾಸ್ ಸ್ವಲ್ಪ ತೆಳುವಾಗಿ, ಧಾರಾಳವಾಗಿ ಇರಲಿ, ಹಾಳೆಯ ಒಂದು ಮೂಲೆಯೂ ಬರಿದಾಗಿ ಕಾಣದಿರಲಿ. ಇದು ಹದಕ್ಕೆ ಬಂದರೆ ಉಳಿದದ್ದೆಲ್ಲ ಮನೆಯವರ ಇಷ್ಟ.

ಮೊದಲು ಮೂಲ ಲಸಾನ್ಯ

ಇಲ್ಲಿ ಕೊಟ್ಟ ಅಳತೆ 20 ಸೆಂ.ಮೀ. ಚೌಕದ, 6 ಸೆಂ.ಮೀ. ಆಳದ ತಟ್ಟೆಗೆ. ಮನೆಗಳಲ್ಲಿರುವ 25 ಲೀಟರಿನ ಓಟಿಜಿಗೆ ಅದು ಸರಿಯಾಗಿ ಹಿಡಿಯುತ್ತದೆ, ಆರು ಜನರಿಗೆ ಹೊಟ್ಟೆ ತುಂಬುತ್ತದೆ. ಕೇಕಿನ ಅಲ್ಯೂಮಿನಿಯಂ ತಟ್ಟೆಯೂ ಆದೀತು. ಅದರಲ್ಲಿ ಟೊಮೆಟೊ ಹುಳಿಯನ್ನು ರಾತ್ರಿಯಿಡೀ ಬಿಡಬಾರದು.

ಹಾಳೆಗೆ 150 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ, ಸುಮಾರು 120 ಮಿ.ಲೀ. ಉಗುರು ಬೆಚ್ಚಗಿನ ನೀರು. ಇಟಲಿಯ ಉತ್ತರದಲ್ಲಿ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕದಲ್ಲಿ ಕಲಸುತ್ತಾರೆ. ದಕ್ಷಿಣದವರು ಗಟ್ಟಿ ಗೋಧಿಯ ರವೆ ಮತ್ತು ನೀರಿನಲ್ಲೇ ಪಾಸ್ತಾ ಮಾಡಿಕೊಳ್ಳುತ್ತಾರೆ. ಮೊಟ್ಟೆ ತಿನ್ನದ ಮನೆಯವರು ದಕ್ಷಿಣದ ದಾರಿ ಹಿಡಿದರಾಯಿತು. ಹಿಟ್ಟು ಪೂರಿಯ ಹಿಟ್ಟಿಗಿಂತಲೂ ಗಟ್ಟಿ ಇರಬೇಕು. ಹತ್ತು ನಿಮಿಷ ಬಿಡದೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಬೇಕು. ರವೆ ನೀರು ಕುಡಿಯಲು ಅಷ್ಟು ಹೊತ್ತು ಬೇಕು; ಆತುರಪಟ್ಟರೆ ಲಟ್ಟಿಸಿದ್ದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಐದು ಉಂಡೆ ಮಾಡಿ, ಕೈಯ ಮೇಲೆ ಹರಡಿದರೆ ಬೆರಳುಗಳ ನೆರಳು ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ತಟ್ಟೆಯ ಅಳತೆಗೆ ಕತ್ತರಿಸಿ. ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ, ಒಂದು ಸಲಕ್ಕೆ ಒಂದೇ ಹಾಳೆ ಹಾಕಿ, ಎರಡು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಅದ್ದಿ, ಹತ್ತಿಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರವಿ. ಒಂದರ ಮೇಲೊಂದು ಇಟ್ಟರೆ ಅಂಟಿಕೊಂಡು ಮತ್ತೆ ಬಿಡಿಸಲಾಗದು.

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನ್-ಜುಲೈ ತಿಂಗಳಲ್ಲಿ ಹಾಳೆ ಮಾಡಿ ಒಣಗಿಸಿಡುವ ಯೋಚನೆ ಬೇಡ. ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಅಂದೇ ಮಾಡಿ ಅಂದೇ ಬಳಸುವುದು ಒಳ್ಳೆಯದು.

ಕೆಂಪು ಸಾಸಿಗೆ ಒಂದು ಕಿಲೋ ಟೊಮೆಟೊ. ಸಂತೆಯಲ್ಲಿ ಸಿಗುವ ಹೈಬ್ರಿಡ್ ಹಣ್ಣಿಗೆ ತಿರುಳು ಹೆಚ್ಚು, ನಾಟಿಗೆ ಹುಳಿ ಹೆಚ್ಚು. ಎರಡನ್ನೂ ಬೆರೆಸಿದರೆ ಹದ ಸಿಗುತ್ತದೆ. ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು ಹೆಚ್ಚಿಕೊಳ್ಳಿ. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ, ಉಪ್ಪು, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ ಸೇರಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದಾಗ ಅದು ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ ಎಂದರ್ಥ. ಗೆರೆ ಒಂದೆರಡು ಕ್ಷಣ ನಿಂತು, ಬದಿಯಲ್ಲಿ ಎಣ್ಣೆ ತೇಲಿದರೆ ಸಾಸ್ ಆಯಿತು. ಹುಳಿ ಹೆಚ್ಚಾದರೆ ಚಿಟಿಕೆ ಬೆಲ್ಲ.

ಪರಿಮಳದ ಸೊಪ್ಪಿಗಾಗಿ ದುಬಾರಿ ಡಬ್ಬಿ ಕೊಳ್ಳುವ ಮೊದಲು ಹಿತ್ತಲನ್ನೊಮ್ಮೆ ನೋಡಬೇಕು. ಇಟಲಿಯವರ ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿಯೇ. ಬೀಜವನ್ನು ಶರಬತ್ತಿಗೆ ನೆನೆಸುತ್ತೇವೆ, ಎಲೆಯನ್ನು ಅಡುಗೆಗೆ ಬಳಸುವವರು ಕಡಿಮೆ. ಹತ್ತು ಎಲೆಗಳನ್ನು ಕೈಯಲ್ಲೇ ಹರಿದು ಸಾಸಿಗೆ ಕೊನೆಯಲ್ಲಿ ಹಾಕಿದರೆ ಅಡುಗೆಮನೆಯ ವಾಸನೆಯೇ ಬದಲಾಗುತ್ತದೆ. ಪೂಜೆಯ ತುಳಸಿ ಇದಕ್ಕೆ ಆಗದು, ಅದರ ಲವಂಗದ ಘಾಟು ಟೊಮೆಟೊವನ್ನು ಮುಚ್ಚಿಬಿಡುತ್ತದೆ. ಒರೆಗಾನೊ ಬದಲಿಗೆ ದೊಡ್ಡಪತ್ರೆ ಇದೆ. ಕರಾವಳಿಯ ಹಲವು ಮನೆಗಳಲ್ಲಿ ಸಾಂಬ್ರಾಣಿ ಎಂದೇ ಕರೆದು ತಂಬುಳಿಗೆ ಕೀಳುವ ಆ ದಪ್ಪ ಎಲೆ. ಒರೆಗಾನೊಗೆ ಗಂಧ ಕೊಡುವ ಕಾರ್ವಕ್ರಾಲ್ ಎಂಬ ತೈಲಾಂಶ ಇದರಲ್ಲೂ ಇದೆ. ಇಡೀ ಸಾಸಿಗೆ ಒಂದೇ ಎಲೆ, ಸಣ್ಣಗೆ ಹೆಚ್ಚಿದ್ದು, ಸಾಕು. ಎರಡು ಹಾಕಿದರೆ ಕೆಮ್ಮಿನ ಕಷಾಯದ ನೆನಪಾಗುತ್ತದೆ.

ಬಿಳಿ ಸಾಸಿಗೆ 50 ಗ್ರಾಂ ಬೆಣ್ಣೆ, 50 ಗ್ರಾಂ ಮೈದಾ, 700 ಮಿ.ಲೀ. ಹಾಲು. ಶೇ. 6ರಷ್ಟು ಕೊಬ್ಬಿರುವ ಕೆನೆಭರಿತ ಹಾಲೇ ಬೇಕೆಂದಿಲ್ಲ. ನಂದಿನಿಯ ನೀಲಿ ಪೊಟ್ಟಣದ, ಶೇ. 3ರಷ್ಟು ಕೊಬ್ಬಿನ ಟೋನ್ಡ್ ಹಾಲು ಸಾಕು, ಬೆಣ್ಣೆ ಹೇಗೂ ಇದೆ. ಬೆಣ್ಣೆ ಕರಗಿದಾಗ ಮೈದಾ ಹಾಕಿ, ಕೆಂಪಾಗಲು ಬಿಡದೆ ಎರಡು ನಿಮಿಷ ಹುರಿದು, ಬೆಚ್ಚಗಿನ ಹಾಲನ್ನು ಮೂರು ನಾಲ್ಕು ಸಲವಾಗಿ ಸುರಿಯುತ್ತ ಕೈಬಿಡದೆ ತಿರುವಿ. ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಕಟ್ಟಿದರೂ ಗಾಬರಿ ಬೇಡ, ಜರಡಿ ಹಿಡಿದರಾಯಿತು. ಏಳೆಂಟು ನಿಮಿಷ ಕುದಿದು ಸೌಟಿನ ಬೆನ್ನಿಗೆ ಅಂಟಿ ನಿಂತರೆ ಉಪ್ಪು, ಕಾಳುಮೆಣಸು ಹಾಕಿ, ಜಾಯಿಕಾಯಿಯನ್ನು ಎರಡು ಮೂರು ಎಳೆತ ತುರಿದು ಇಳಿಸಿ. ಅಡಿಕೆ ತೋಟವಿದ್ದವರ ಮನೆಯಲ್ಲಿ ಜಾಯಿಕಾಯಿಗೆ ಬರವಿಲ್ಲ. ಯುರೋಪಿನ ಬಿಳಿ ಸಾಸಿಗೂ ಇದೇ ಬೇಕು.

ಗುಳ್ಳ ಅರ್ಧ ಕಿಲೋ. ಕಿರುಬೆರಳಿನ ಅರ್ಧದಷ್ಟು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ. ಮಟ್ಟು ಗುಳ್ಳಕ್ಕೆ ಕಹಿ ತೆಗೆಯುವ ಅಗತ್ಯವಿಲ್ಲ, ಈ ಉಪ್ಪು ನೀರು ಹೊರಗೆಳೆಯಲು. ಬಟ್ಟೆಯಿಂದ ಒತ್ತಿ ಒರೆಸಿ, ಕಾದ ಕಾವಲಿಯ ಮೇಲೆ ಎಣ್ಣೆ ಸವರಿ ಎರಡೂ ಬದಿ ಹೊಂಬಣ್ಣ ಬರುವವರೆಗೆ ಕಾಯಿಸಿ. ಬದನೆ ಎಣ್ಣೆ ಕುಡಿಯುವುದರಲ್ಲಿ ಎತ್ತಿದ ಕೈ, ಸುರಿಯಲು ಹೋಗಬಾರದು. ತೆಂಗಿನೆಣ್ಣೆ ಈ ಟೊಮೆಟೊ-ಚೀಸ್ ಪಾಕಕ್ಕೆ ಒಗ್ಗುವುದಿಲ್ಲ, ಕಡಲೆಕಾಯಿ ಎಣ್ಣೆ ಸರಿ.

ಜೋಡಿಸುವುದು ಹೀಗೆ. ತಟ್ಟೆಗೆ ಬೆಣ್ಣೆ ಸವರಿ, ತಳಕ್ಕೆ ಒಂದು ಸೌಟು ಬಿಳಿ ಸಾಸ್. ಅದರ ಮೇಲೆ ಹಾಳೆ, ಕೆಂಪು ಸಾಸ್, ಗುಳ್ಳದ ಬಿಲ್ಲೆ, ಬಿಳಿ ಸಾಸ್, ಸ್ವಲ್ಪ ತುರಿದ ಚೀಸ್. ಹೀಗೆ ನಾಲ್ಕು ಸಲ. ಐದನೆಯ ಹಾಳೆಯ ಮೇಲೆ ಉಳಿದ ಬಿಳಿ ಸಾಸ್ ಪೂರ್ತಿ ಹರವಿ, ಉಳಿದ ಚೀಸ್ ಉದುರಿಸಿ. ಒಟ್ಟು 200 ಗ್ರಾಂ ಮೊಝರೆಲ್ಲಾ ಸಾಕು. ಪ್ಯಾಕೆಟ್ ಮೊಝರೆಲ್ಲಾ ಎಳೆಯಲು ಚೆನ್ನ, ರುಚಿಗೆ ಸಪ್ಪೆ; ಅದಕ್ಕೆ ಸಾದಾ ಪ್ರೊಸೆಸ್ಡ್ ಚೀಸಿನ ಎರಡು ಕ್ಯೂಬ್ ತುರಿದು ಸೇರಿಸಿದರೆ ಉಪ್ಪು ಸಮವಾಗುತ್ತದೆ. ಪದರಕ್ಕೆ ಸ್ವಲ್ಪ ಮೆದುವಾದದ್ದು ಬೇಕೆನಿಸಿದರೆ ಮನೆಯಲ್ಲೇ ಒಂದು ಲೀಟರ್ ಹಾಲು ಒಡೆಸಿ, ಬಸಿದು, ಗಟ್ಟಿಯಾಗುವ ಮೊದಲೇ ಎರಡು ಚಮಚ ಮೊಸರು ಬೆರೆಸಿಟ್ಟರೆ ರಿಕೊಟ್ಟಾ ಇಲ್ಲದ ಕೊರತೆ ಕಾಣುವುದಿಲ್ಲ.

ಓಟಿಜಿಯನ್ನು 180 ಡಿಗ್ರಿಗೆ ಮೊದಲೇ ಕಾಯಿಸಿ, ತಟ್ಟೆಗೆ ಫಾಯಿಲ್ ಮುಚ್ಚಿ 25 ನಿಮಿಷ, ಫಾಯಿಲ್ ತೆಗೆದು ಇನ್ನೂ 12ರಿಂದ 15 ನಿಮಿಷ. ಅಂಚಿನಲ್ಲಿ ಸಾಸ್ ಗುಳುಗುಳು ಕುದಿದು, ಮೇಲೆ ಕಂದು ಮಚ್ಚೆ ಮೂಡಿದಾಗ ಹೊರತೆಗೆಯಿರಿ. ಆಮೇಲೆ ಇಪ್ಪತ್ತು ನಿಮಿಷ ಯಾರೂ ಅದಕ್ಕೆ ಚಾಕು ಹಾಕಬಾರದು. ಬಿಸಿ ಇಳಿಯುತ್ತ ಬಂದಂತೆ ಮೈದಾದ ಪಿಷ್ಟ ಗಟ್ಟಿಯಾಗಿ ಪದರಗಳನ್ನು ಹಿಡಿದುಕೊಳ್ಳುತ್ತದೆ. ಮಕ್ಕಳು ಸುತ್ತ ನಿಂತಿರುವಾಗ ಇದು ಕಷ್ಟದ ಕೆಲಸ, ಆದರೂ ಕಾಯಲೇಬೇಕು.

ಓವನ್ ಇಲ್ಲದಿದ್ದರೆ

ಮಣಿಪಾಲದಲ್ಲಿ ಕೋಣೆ ಹಿಡಿದು ಒಂದೇ ಒಲೆಯಲ್ಲಿ ಅಡುಗೆ ಮಾಡುವವರಿಗೂ ದಾರಿಯಿದೆ. ದಪ್ಪ ತಳದ ಹಳೆಯ ಬಾಣಲೆ ಅಥವಾ ಹಳೆಯ ಕುಕ್ಕರಿನ ತಳಕ್ಕೆ ಒಂದು ಪದರ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕುಕ್ಕರಾದರೆ ಗ್ಯಾಸ್ಕೆಟ್ ಮತ್ತು ವಿಶಲ್ ಎರಡನ್ನೂ ತೆಗೆದಿರಬೇಕು. ಲಸಾನ್ಯದ ತಟ್ಟೆಯನ್ನು ಒಳಗಿಳಿಸಿ, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ. ಬೇಯುವುದೇನೋ ಬೇಯುತ್ತದೆ, ಮೇಲ್ಭಾಗ ಮಾತ್ರ ಬಿಳಿಚಿಕೊಂಡೇ ಇರುತ್ತದೆ.

ಅದಕ್ಕೆ ಹಳ್ಳಿಯ ಮನೆಯವರಲ್ಲಿ ಪೇಟೆಯವರಿಗಿಂತ ಒಳ್ಳೆಯ ಉಪಾಯವಿದೆ: ಗೆರಟೆ ಕೆಂಡ. ಒಣ ತೆಂಗಿನ ಗೆರಟೆ ಉರಿದು, ಹೊಗೆ ಪೂರ್ತಿ ನಿಂತು, ಕೆಂಪಗೆ ನಿಗಿನಿಗಿ ಆದಾಗ ಅದನ್ನು ಚಪ್ಪಟೆಯಾದ ಕಬ್ಬಿಣದ ಮುಚ್ಚಳದ ಮೇಲೆ ಹರಡಿ, ಬಾಣಲೆಯ ಮೇಲೆ ಇಟ್ಟರೆ ಕೆಳಗಿನ ಉರಿ, ಮೇಲಿನ ಕೆಂಡ ಎರಡರ ನಡುವೆ ಚೀಸ್ ಹತ್ತು ನಿಮಿಷದಲ್ಲಿ ಕಂದುತ್ತದೆ. ಬಾಗಿಲು ಕಿಟಕಿ ತೆರೆದಿರಲಿ, ಇನ್ನೂ ಒಳ್ಳೆಯದೆಂದರೆ ಅಂಗಳದಲ್ಲೇ ಮಾಡುವುದು. ಮಳೆಗಾಲದಲ್ಲಿ ಕರೆಂಟು ಹೋದರೂ ಈ ಲಸಾನ್ಯ ನಿಲ್ಲುವುದಿಲ್ಲ.

ಅಟ್ಟಿನಳಗೆಯಲ್ಲಿ ಹಬೆಗೆ ಇಡಬಹುದೇ? ಇಡಬಹುದು. ಪತ್ರೊಡೆ ಮಾಡುವ ಮನೆಗೆ ಪದರ ಜೋಡಿಸುವುದೂ ಹೊಸದಲ್ಲ, ಹಬೆಯಲ್ಲಿ ಬೇಯಿಸುವುದೂ ಹೊಸದಲ್ಲ. ಕೆಸುವಿನೆಲೆಯ ಮೇಲೆ ಅರೆದ ಅಕ್ಕಿಹಿಟ್ಟು ಸವರಿ, ಮತ್ತೊಂದೆಲೆ ಇಟ್ಟು ಮತ್ತೆ ಸವರುವ ಕೈಗೆ ಲಸಾನ್ಯ ಎರಡನೇ ಸಲಕ್ಕೇ ಒಲಿಯುತ್ತದೆ. ತಟ್ಟೆಯನ್ನು ಬಾಡಿಸಿದ ಬಾಳೆಲೆಯಿಂದ ಮುಚ್ಚಿ, ಮೇಲೊಂದು ಪ್ಲೇಟು ಇಟ್ಟು 35 ನಿಮಿಷ ಬೇಯಿಸಿ. ಮುಚ್ಚಳದ ಹನಿ ಒಳಗೆ ಬೀಳದಿದ್ದರೆ ಸಾಕು. ಗರಿಗರಿ ಮೇಲ್ಪದರ ಇದರಲ್ಲಿ ಸಿಗದು, ಮೆದು ಹೆಚ್ಚು ಸಿಗುತ್ತದೆ. ಹಲ್ಲಿಲ್ಲದ ಹಿರಿಯರು ಇದನ್ನೇ ಮೆಚ್ಚಿಯಾರು.

ಮನೆಗೊಂದು ಕ್ರಮ

ಉಡುಪಿ ಜಿಲ್ಲೆಯಲ್ಲಿ ಒಂದೇ ಬೀದಿಯ ನಾಲ್ಕು ಮನೆಗಳಿಗೆ ನಾಲ್ಕು ಬಗೆಯ ಊಟದ ಕ್ರಮ ಇರಬಹುದು. ರಥಬೀದಿಯ ಆಸುಪಾಸಿನ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಅಲ್ಲಿ ಇಂಗೇ ಗತಿ, ಇಂಗೇ ಸೊಗಸು. ಬಿಳಿ ಸಾಸಿನ ಬೆಣ್ಣೆ ಕರಗುವಾಗ ಚಿಟಿಕೆ ಇಂಗು ಹಾಕಿ, ಅದು ಅರಳಿದ ಮೇಲೆ ಮೈದಾ ಹಾಕಿದರೆ ಬೆಳ್ಳುಳ್ಳಿ ಇಲ್ಲವೆಂದು ಯಾರಿಗೂ ತೋಚುವುದಿಲ್ಲ. ಟೊಮೆಟೊವನ್ನೂ ಮುಟ್ಟದ ಹಿರಿಯರಿದ್ದರೆ ಕೆಂಪು ಸಾಸನ್ನೇ ಕೈಬಿಟ್ಟು, ಬಿಳಿ ಸಾಸ್, ಕಾಳುಮೆಣಸು ಮತ್ತು ಗುಳ್ಳದಲ್ಲೇ ಮಾಡಬಹುದು. ನೇಪಲ್ಸ್‌ನ ಹಳೆಯ ಪುಸ್ತಕದ ಲಸಾನ್ಯಕ್ಕೆ ಅದೇ ಹತ್ತಿರ. ಚಾತುರ್ಮಾಸ್ಯ ಪಾಲಿಸುವ ಮನೆಯಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ. ಹಾಗಾಗಿ ಅವರಿಗೆ ಇದು ಕಾರ್ತಿಕದ ಉತ್ಥಾನ ದ್ವಾದಶಿ ಕಳೆದ ಮೇಲಿನ ತಿನಿಸು. ಮಟ್ಟು ಗದ್ದೆಯ ಗುಳ್ಳ ಬರುವುದೂ ಅದರ ಬೆನ್ನಿಗೇ.

ಚೀಸಿನ ವಿಚಾರದಲ್ಲಿ ಸಸ್ಯಾಹಾರಿಗಳು ಒಂದು ಮಾತು ತಿಳಿದಿರಬೇಕು. ಇಟಲಿಯ ಪ್ರಸಿದ್ಧ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಆ ಹೆಸರು ಪಡೆಯಲು ಅದು ನಿಯಮವೇ. ಹೆಸರಿನಲ್ಲಿ ಮಾಂಸವಿಲ್ಲದ ಮಾತ್ರಕ್ಕೆ ಸಸ್ಯಾಹಾರ ಎಂದುಕೊಳ್ಳುವಂತಿಲ್ಲ. ಭಾರತದ ಡೈರಿಗಳು ಸೂಕ್ಷ್ಮಜೀವಿ ಮೂಲದ ರೆನೆಟ್ ಬಳಸಿದ ಚೀಸನ್ನು ಮಾರುತ್ತವೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿ ಕೊಂಡರೆ ಸಂಶಯವಿಲ್ಲ.

ಬಸದಿಗಳ ಊರು ಕಾರ್ಕಳದಲ್ಲಿ ಜೈನ ಮನೆಗೆ ಮಾಡುವುದಾದರೆ ಕ್ಯಾರೆಟ್, ಆಲೂಗಡ್ಡೆಯಂಥ ಗೆಡ್ಡೆ ಬೇಡ. ಬೀಜ ತುಂಬಿದ ಬದನೆಯನ್ನೂ ಅನೇಕರು ಬಿಡುತ್ತಾರೆ. ಗುಳ್ಳದ ಜಾಗಕ್ಕೆ ಬಾಳೆಕಾಯಿಯ ತೆಳು ಹೋಳುಗಳನ್ನು ಅರೆಬೇಯಿಸಿ ಕಾವಲಿಯಲ್ಲಿ ಕಾಯಿಸಿ ಇಡಬಹುದು. ಬಾಳೆಕಾಯಿ ನೀರು ಬಿಡುವುದಿಲ್ಲ, ಬದಲಿಗೆ ಕುಡಿಯುತ್ತದೆ. ಆದ್ದರಿಂದ ಬಿಳಿ ಸಾಸಿಗೆ ಅರ್ಧ ಲೋಟ ಹಾಲು ಹೆಚ್ಚು ಬೇಕು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಯಾದರೆ ಸಮಯದ ಲೆಕ್ಕವೂ ಮುಖ್ಯ: ಹಿಟ್ಟು ನಾದುವುದರಿಂದ ಕತ್ತರಿಸುವವರೆಗೆ ಮೂರು ಗಂಟೆ ಹಿಡಿಯುತ್ತದೆ, ಮಧ್ಯಾಹ್ನ ಎರಡಕ್ಕೇ ಶುರು ಮಾಡಬೇಕು.

ಬೇಸಿಗೆಯಲ್ಲಿ ಗುಜ್ಜೆ ಇದೆ. ಎಳೆ ಹಲಸನ್ನು ಉಪ್ಪು, ಅರಸಿನ ಹಾಕಿ ಬೇಯಿಸಿ, ಬಸಿದು, ಜಜ್ಜಿ ನಾರು ಬಿಡಿಸಿ, ಎಣ್ಣೆಯಲ್ಲಿ ಕೆಂಪಗೆ ಹುರಿದು ಕೆಂಪು ಸಾಸಿಗೆ ಬೆರೆಸಿದರೆ ಮಾಂಸದ ಸಾಸಿನ ಮೈಕಟ್ಟು ಬರುತ್ತದೆ. ಜೀಗುಜ್ಜೆಯನ್ನು ಪೋಡಿಗೆ ಹೆಚ್ಚುವಂತೆ ತೆಳ್ಳಗೆ ಹೆಚ್ಚಿ, ಕಾಯಿಸಿ ಇಡುವುದೂ ಒಳ್ಳೆಯದೇ. ಸೊಪ್ಪಿನ ಪದರಕ್ಕೆ ಬಸಳೆ ಬೇಡ, ಅದರ ಲೋಳೆ ಪದರಗಳನ್ನು ಜಾರಿಸುತ್ತದೆ. ಹರಿವೆ ಸೊಪ್ಪನ್ನು ಜೋರು ಉರಿಯಲ್ಲಿ ಬಾಡಿಸಿ, ಕೈಯಲ್ಲಿ ಹಿಂಡಿ ಹಾಕಿ.

ಮಾಂಸ ತಿನ್ನುವ ಮನೆಗೆ ಕರಾವಳಿ ಕೊಡುವಷ್ಟು ರುಚಿಗಳನ್ನು ಬೊಲೊನ್ಯಾವೂ ಕೊಡಲಾರದು. ಕೋಳಿ ಸುಕ್ಕ ಉಳಿದಿದ್ದರೆ ಮೂಳೆ ಬಿಡಿಸಿ, ಸಣ್ಣಗೆ ಹರಿದು, ಅದೇ ಪದರವಾಗಲಿ. ತೆಂಗಿನತುರಿ ಇರುವುದರಿಂದ ಚೀಸ್ ಅರ್ಧಕ್ಕೆ ಇಳಿಸಬೇಕು. ಎರಡರ ಕೊಬ್ಬೂ ಸೇರಿದರೆ ಜಿಡ್ಡು ಹೆಚ್ಚಾಗುತ್ತದೆ. ತೆಂಗಿನೆಣ್ಣೆ ಹೊಂದುವುದು ಇಲ್ಲಿ. ಶಿರ್ವ, ಕಾರ್ಕಳ ಕಡೆಯ ಕ್ರೈಸ್ತ ಮನೆಗಳಲ್ಲಿ ಇರುವ ಬಫಾತ್ ಪುಡಿಯನ್ನು ಒಂದೂವರೆ ಚಮಚದಷ್ಟು ಅರ್ಧ ಕಿಲೋ ಖೀಮಾಕ್ಕೆ ಬೆರೆಸಿ, ಟೊಮೆಟೊ ಜತೆ ಒಂದು ಗಂಟೆ ಕುದಿಸಿದರೆ ಸಿಗುವ ಸಾಸ್ ಎಲ್ಲಿಯೂ ಹಣಕ್ಕೆ ಸಿಗದು. ಜನವರಿಯಲ್ಲಿ ಅತ್ತೂರು ಬಸಿಲಿಕಾದ ಜಾತ್ರೆಗೆ ನೆಂಟರು ಬರುವ ಮನೆಗೆ ಇದು ಅನುಕೂಲ, ಹಿಂದಿನ ದಿನವೇ ಜೋಡಿಸಿ ಫ್ರಿಜ್‌ನಲ್ಲಿಡಬಹುದು. ಅತ್ತೂರಿನ ಸಂತ ಲಾರೆನ್ಸರು ಅಡುಗೆಯವರ ಪಾಲಕ ಸಂತರೂ ಹೌದು.

ಕಾಪು, ಮಲ್ಪೆ ಕಡೆಯವರು ಸಿಗಡಿ ಹಾಕದೆ ಇರಲಾರರು. ಸಿಗಡಿಯನ್ನು ಬೆಣ್ಣೆಯಲ್ಲಿ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬಾಡಿಸಬಾರದು, ಒಳಗೆ ಮತ್ತೆ ಬೇಯಲಿಕ್ಕಿದೆ, ಹೆಚ್ಚಾದರೆ ರಬ್ಬರ್. ಅಂಜಲ್ ಆದರೆ ಮುಳ್ಳು ತೆಗೆದು, ಹೋಳನ್ನು ಕಾವಲಿಯಲ್ಲಿ ಹುರಿದು ಬಿಡಿಸಿಕೊಳ್ಳಿ. ಮೀನಿನ ಲಸಾನ್ಯಕ್ಕೆ ಚೀಸ್ ಕಡಿಮೆ, ಬಿಳಿ ಸಾಸ್ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ 61 ದಿನ ಅಣಬೆಯೇ ಸಾಕು.

ನೀರುದೋಸೆಯ ದಾರಿ

ಮೈದಾ ಒಗ್ಗದವರಿಗೆ, ಗ್ಲುಟೆನ್ ತಿನ್ನಬಾರದೆಂದು ವೈದ್ಯರು ಹೇಳಿದವರಿಗೆ ಚಿರೋಟಿ ರವೆಯೂ ವರ್ಜ್ಯ, ಅದೂ ಗೋಧಿಯೇ. ಅಂಥವರಿಗೆ ಹಾಳೆಯ ಬದಲು ನೀರುದೋಸೆ. ಇದು ಕರಾವಳಿಯವರು ಕಟ್ಟಿದ ಹೊಸ ಆಟವೇನಲ್ಲ. ಇಟಲಿಯ ಅಬ್ರುಜ್ಜೊ ಪ್ರಾಂತದ ತೆರಮೊ ಊರಿನವರು ಹಬ್ಬಕ್ಕೆ ಮಾಡುವ ತಿಂಬಾಲ್ಲೊದಲ್ಲಿ ಪಾಸ್ತಾ ಹಾಳೆಯೇ ಇರುವುದಿಲ್ಲ. ಹಿಟ್ಟು, ಮೊಟ್ಟೆ, ನೀರು ಕಲಸಿ ಕಾವಲಿಯ ಮೇಲೆ ಹುಯ್ದ ತೆಳು ದೋಸೆಗಳೇ ಅದರ ಪದರ. ಸ್ಕ್ರಿಪ್ಪೆಲ್ಲೆ ಎಂದು ಅದರ ಹೆಸರು.

ದೋಸೆಗೆ ಎರಡು ಲೋಟ ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಸಿ, ತೆಂಗಿನಕಾಯಿ ಹಾಕದೆ ನುಣ್ಣಗೆ ಅರೆದು, ಎಂದಿನ ನೀರುದೋಸೆಗಿಂತ ತುಸು ದಪ್ಪಗೆ ಕಲಸಿ. ಹುಯ್ದ ದೋಸೆಯನ್ನು ಮಡಿಸದೆ, ಒಂದರ ಮೇಲೊಂದು ಪೇರಿಸದೆ, ಬಟ್ಟೆಯ ಮೇಲೆ ಆರಲು ಬಿಡಬೇಕು. ನೀರುದೋಸೆಯ ಮೈಯಲ್ಲೇ ನೀರಿದೆಯಲ್ಲ, ಹಾಗಾಗಿ ಕೆಂಪು ಸಾಸನ್ನು ಇನ್ನೂ ಹತ್ತು ನಿಮಿಷ ಹೆಚ್ಚು ಕುದಿಸಿ ಗಟ್ಟಿ ಮಾಡಿ. ಬಿಳಿ ಸಾಸಿಗೆ ಮೈದಾ ಬದಲು 40 ಗ್ರಾಂ ನುಣ್ಣನೆಯ ಅಕ್ಕಿಹಿಟ್ಟು, ಹಾಲು ಅರ್ಧ ಲೀಟರ್ ಮಾತ್ರ. ಏಳು ದೋಸೆ, ಆರು ಪದರ. ಓವನ್‌ನಲ್ಲಿ 25 ನಿಮಿಷ ಸಾಕು, ಆಮೇಲೆ ಅರ್ಧ ಗಂಟೆಯಾದರೂ ಆರಲು ಬಿಡಿ. ದುಂಡಗಿನ ಕೇಕ್ ಟಿನ್ನಿನಲ್ಲಿ ಮಾಡಿದರೆ ದೋಸೆ ಕತ್ತರಿಸುವ ಕೆಲಸವೂ ತಪ್ಪುತ್ತದೆ. ಕೋಳಿ ಸುಕ್ಕಕ್ಕೂ ನೀರುದೋಸೆಗೂ ಇರುವ ನಂಟು ಹೇಳಬೇಕಾದದ್ದಿಲ್ಲ. ಈ ಜೋಡಿಯ ಲಸಾನ್ಯಕ್ಕೆ ಕೆಂಪು ಸಾಸ್ ಬೇಕಾಗಿಯೇ ಇಲ್ಲ.

ಉಳಿದದ್ದನ್ನು ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಇರುತ್ತದೆ. ಸಿಗಡಿಯದ್ದಾದರೆ ಮರುದಿನವೇ ಮುಗಿಸಿ. ಮೈಕ್ರೋವೇವ್‌ಗಿಂತ ಕಾವಲಿ ವಾಸಿ. ತಣ್ಣಗಿನ ಲಸಾನ್ಯವನ್ನು ಬೆರಳಗಲ ದಪ್ಪಕ್ಕೆ ಕತ್ತರಿಸಿ, ಪದರ ಕಾಣುವ ಬದಿ ಕೆಳಗಾಗುವಂತೆ ಬೆಣ್ಣೆ ಸವರಿದ ಕಾವಲಿಗೆ ಹಾಕಿ, ಸಣ್ಣ ಉರಿಯಲ್ಲಿ ಅಲುಗಾಡಿಸದೆ ಐದು ನಿಮಿಷ ಬಿಟ್ಟು ತಿರುವಿ ಹಾಕಿ. ಎರಡೂ ಬದಿ ಗರಿಗರಿ, ಒಳಗೆ ಮೆದು. ಪಕ್ಕಕ್ಕೆ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡರೆ ಚೀಸಿನ ಜಿಡ್ಡಿಗೆ ಅದರ ಹುಳಿ ಚೆನ್ನಾಗಿ ಹೊಂದುತ್ತದೆ.